ಡಿಕ್ಕಿಯ ಲೆಕ್ಕ

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ವಾಚನಾಲಯಕ್ಕೆ ಬರುವ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬನು ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, “ಅಣ್ಣಾ, ಇದರಲ್ಲಿ ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಅಂತ ಒಂದು ಪಾಠ ಇದೆ. ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ಕನ್ನಡದಲ್ಲಿ ಹೇಳೋಕೆ ಆಗುತ್ತಾ?” ಎಂದು ಕೇಳಿದನು. ನಾವು ಗಿರಣಿಯೊಂದರ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಓದಿದ್ದು ಮೆಟ್ರಿಕ್‌ವರೆಗೆ. ಆ ದಿನ ಉತ್ತರ ಕೊಡಲಾಗಲಿಲ್ಲ. ಆದರೆ ಆ ಹೊತ್ತಿಗೆ ನಮ್ಮ ತಲೆಯ ಮೇಲೆ ಏಳು ಹೊಲಿಗೆಗಳ ಗಾಯ ಇನ್ನೂ ಹಸಿಯಾಗಿತ್ತು. ಆ ಕಥೆಯನ್ನು ಕೊನೆಯಲ್ಲಿ ಹೇಳುತ್ತೇವೆ. ಡಿಕ್ಕಿಯಾದಾಗ ವಸ್ತುಗಳಿಗೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ತಿಳಿಯುವ ವಿದ್ಯೆ ಅದು ಎಂದು ತಿಳಿದಾಗ ಬಿಡಲು ಮನಸ್ಸಾಗಲಿಲ್ಲ. ಸಂಘದ ಸದಸ್ಯರಲ್ಲಿ ಇಂಜಿನಿಯರುಗಳಾಗಿರುವವರನ್ನು ಕೇಳಿ, ಬಿಡುವಿದ್ದಾಗ ಓದಿ, ಅರಿವಿಗೆ ಬಂದಷ್ಟನ್ನು ಇಲ್ಲಿ ಪಾಠರೂಪದಲ್ಲಿ ಇಟ್ಟಿದ್ದೇವೆ. ಕೂಡಿಸಿ ಕಳೆದು ಗುಣಿಸಿ ಭಾಗಿಸಬಲ್ಲ ಯಾರಿಗೂ ಇದು ಅರ್ಥವಾಗಬೇಕೆಂಬುದು ನಮ್ಮ ಆಸೆ.

೧. ಬಿದ್ದ ಎತ್ತರ, ನಿಂತ ದೂರ

ತೆಂಗಿನಕಾಯಿಯ ಮೇಲೆ ಭಾರವಾದ ಕಲ್ಲನ್ನು ಮೆಲ್ಲನೆ ಇಟ್ಟರೆ ಕಾಯಿ ಒಡೆಯುವುದಿಲ್ಲ. ಅದೇ ಕಾಯಿಯನ್ನು ಬಂಡೆಗೆ ಅಪ್ಪಳಿಸಿದರೆ ಎರಡು ಹೋಳಾಗುತ್ತದೆ. ಮರದಿಂದ ಬಿದ್ದ ಕಾಯಿ ಹುಲ್ಲಿನ ಮೆದೆಯ ಮೇಲೆ ಬಿದ್ದರೆ ಉಳಿಯುತ್ತದೆ, ಒಗೆಯುವ ಕಲ್ಲಿನ ಮೇಲೆ ಬಿದ್ದರೆ ಉಳಿಯುವುದಿಲ್ಲ. ಕಾಯಿ ಒಂದೇ, ಎತ್ತರ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿದೆ? ನಿಲ್ಲುವುದಕ್ಕೆ ಸಿಕ್ಕಿದ ದೂರದಲ್ಲಿದೆ.

ಇದನ್ನು ಒಂದು ಸಣ್ಣ ಸೂತ್ರವಾಗಿ ಹೇಳಬಹುದು. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿರಿ. ಬಂದ ಸಂಖ್ಯೆಯೇ ಹೊಡೆತದ ಸರಾಸರಿ ತೀವ್ರತೆ. ಅದನ್ನು ಭೂಮಿಯ ಸೆಳೆತದ ಎಷ್ಟು ಪಟ್ಟು ಎಂದು ಎಣಿಸುತ್ತಾರೆ. ೧೦ ಮೀಟರ್ ಎತ್ತರದಿಂದ ಬಿದ್ದ ಕಾಯಿ ಹುಲ್ಲಿನಲ್ಲಿ ೪೦ ಸೆಂಟಿಮೀಟರ್ ಇಳಿದು ನಿಂತರೆ ಹೊಡೆತ ೨೫ ಪಟ್ಟು. ಕಲ್ಲಿನ ಮೇಲೆ ೪ ಮಿಲಿಮೀಟರಿನಲ್ಲಿ ನಿಂತರೆ ೨,೫೦೦ ಪಟ್ಟು. ನೂರು ಪಟ್ಟು ವ್ಯತ್ಯಾಸವೆಂದರೆ ಒಡೆಯದೆ ಇರುತ್ತದೆಯೇ!

ವಾಹನದ ವೇಗವನ್ನೂ ಎತ್ತರವಾಗಿ ಬದಲಿಸಿ ನೋಡಬಹುದು. ಗಂಟೆಗೆ ೬೪ ಕಿಲೋಮೀಟರ್ ಎಂದರೆ ಸೆಕೆಂಡಿಗೆ ೧೭.೮ ಮೀಟರ್. ಅಷ್ಟು ವೇಗ ಬರಬೇಕಾದರೆ ಸುಮಾರು ೧೬ ಮೀಟರ್ ಎತ್ತರದಿಂದ ಬೀಳಬೇಕು. ಅಂದರೆ ಐದನೆಯ ಮಹಡಿಯಿಂದ ಬಿದ್ದಂತೆ. ಆ ವೇಗದ ಕಾರಿನ ಮುಂಭಾಗ ೬೦ ಸೆಂಟಿಮೀಟರ್ ಕುಗ್ಗಿ ಕಾರು ನಿಂತರೆ, ೧೬ನ್ನು ೦.೬ರಿಂದ ಭಾಗಿಸಿದಾಗ ಸುಮಾರು ೨೭ ಪಟ್ಟು ಬರುತ್ತದೆ. ೬೦ ಕಿಲೋ ತೂಕದ ಮನುಷ್ಯನನ್ನು ಆ ಕ್ಷಣದಲ್ಲಿ ಹಿಡಿದು ನಿಲ್ಲಿಸಲು ೧,೬೦೦ ಕಿಲೋ ಭಾರಕ್ಕೆ ಸಮನಾದ ಬಲ ಬೇಕು. ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡು ‘ನಾನು ಹಿಡಿದುಕೊಂಡಿದ್ದೇನೆ’ ಎನ್ನುವ ತಾಯಂದಿರು ಈ ಸಂಖ್ಯೆಯನ್ನು ನೆನಪಿಡಬೇಕು. ಹತ್ತು ಕಿಲೋ ಮಗು ಆ ಹೊತ್ತಿಗೆ ೨೭೦ ಕಿಲೋ ಆಗಿರುತ್ತದೆ. ಅಷ್ಟನ್ನು ಹಿಡಿಯುವ ತೋಳು ಯಾರಿಗೂ ಇಲ್ಲ.

೨. ಥರ್ಮಾಕೋಲಿನ ಕೆಲಸ

ಹೆಲ್ಮೆಟ್ಟು ಕಾಪಾಡುವುದು ಅದರ ಗಟ್ಟಿ ಚಿಪ್ಪಿನಿಂದ ಎಂದು ನಾವು ಬಹಳ ಕಾಲ ತಿಳಿದಿದ್ದೆವು. ಚಿಪ್ಪಿನ ಕೆಲಸ ಚೂಪಾದ ಪೆಟ್ಟನ್ನು ಅಗಲಕ್ಕೆ ಹರಡುವುದು ಮಾತ್ರ. ತಲೆಗೆ ನಿಲ್ಲುವ ದೂರವನ್ನು ಕೊಡುವುದು ಅದರೊಳಗಿನ ಥರ್ಮಾಕೋಲಿನ ಪದರ. ಅದು ಪುಡಿಯಾಗುತ್ತ ಹೋಗಿ ತಲೆಯನ್ನು ನಿಧಾನಗೊಳಿಸುತ್ತದೆ.

ಲೆಕ್ಕ ಮಾಡಿ ನೋಡೋಣ. ತಲೆಯ ತೂಕ ೫ ಕಿಲೋ ಎಂದಿಟ್ಟುಕೊಳ್ಳಿ. ಅದು ಸೆಕೆಂಡಿಗೆ ೫ ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ (ಸುಮಾರು ೧.೨೭ ಮೀಟರ್ ಎತ್ತರದಿಂದ ಬಿದ್ದಂತೆ). ಥರ್ಮಾಕೋಲು ಕುಗ್ಗುವಾಗ ಒಂದೇ ಸಮನೆ ೩,೦೦೦ ನ್ಯೂಟನ್ ಬಲದಿಂದ ತಡೆಯುತ್ತದೆ ಎನ್ನೋಣ. ೩,೦೦೦ವನ್ನು ೫ರಿಂದ ಭಾಗಿಸಿದರೆ ೬೦೦. ಅಂದರೆ ಪ್ರತಿ ಸೆಕೆಂಡಿನ ಸಾವಿರದ ಒಂದಂಶದಲ್ಲಿ ವೇಗವು ೦.೬ ಇಳಿಯುತ್ತದೆ.

ಈಗ ಸಾವಿರದ ಒಂದೊಂದೇ ಅಂಶವನ್ನು ಒಂದು ಹೆಜ್ಜೆಯೆಂದು ಇಟ್ಟುಕೊಂಡು ನಡೆಯೋಣ. ಮೊದಲ ಹೆಜ್ಜೆಯಲ್ಲಿ ವೇಗ ೫ರಿಂದ ೪.೪ಕ್ಕೆ ಇಳಿಯಿತು. ಸರಾಸರಿ ೪.೭ ಆದ್ದರಿಂದ ತಲೆ ಮುಂದೆ ಹೋದದ್ದು ೪.೭ ಮಿಲಿಮೀಟರ್. ಎರಡನೆಯದರಲ್ಲಿ ವೇಗ ೩.೮, ದೂರ ೪.೧. ಮೂರನೆಯದರಲ್ಲಿ ವೇಗ ೩.೨, ದೂರ ೩.೫. ನಾಲ್ಕನೆಯದರಲ್ಲಿ ವೇಗ ೨.೬, ದೂರ ೨.೯. ಹೀಗೆಯೇ ಎಂಟನೆಯ ಹೆಜ್ಜೆ ಮುಗಿದಾಗ ವೇಗ ೦.೨ ಉಳಿದು, ಒಟ್ಟು ದೂರ ೨೦.೮ ಮಿಲಿಮೀಟರ್ ಆಗುತ್ತದೆ. ಅಲ್ಲಿಗೆ ತಲೆ ನಿಂತಂತೆಯೇ. ಹೊಡೆತ ಸುಮಾರು ೬೧ ಪಟ್ಟು.

ಥರ್ಮಾಕೋಲು ತೆಳ್ಳಗಿದ್ದು ೧೫ ಮಿಲಿಮೀಟರ್ ಮಾತ್ರ ಕುಗ್ಗಬಲ್ಲದಾದರೆ? ಮೇಲಿನ ಲೆಕ್ಕದ ನಾಲ್ಕನೆಯ ಹೆಜ್ಜೆಯ ಹೊತ್ತಿಗೆ ೧೫.೨ ಮಿಲಿಮೀಟರ್ ಮುಗಿದುಹೋಗಿದೆ. ವೇಗ ಇನ್ನೂ ೨.೬ ಇದೆ. ತಲೆ ಅಷ್ಟು ವೇಗದಲ್ಲಿ ಗಟ್ಟಿ ತಳಕ್ಕೆ ಬಡಿಯುತ್ತದೆ. ಹೆಲ್ಮೆಟ್ಟೇ ಇಲ್ಲದೆ ೨ ಮಿಲಿಮೀಟರಿನಲ್ಲಿ ನಿಂತರೆ ಹೊಡೆತ ೬೦೦ ಪಟ್ಟಿಗೂ ಮೀರುತ್ತದೆ. ಥರ್ಮಾಕೋಲು ಪೂರ್ತಿ ಚಪ್ಪಟೆಯಾಗುವುದಿಲ್ಲ. ಆದ್ದರಿಂದ ೨೧ ಮಿಲಿಮೀಟರ್ ಕುಗ್ಗಬೇಕಾದರೆ ೩೦ರ ಆಸುಪಾಸಿನ ದಪ್ಪ ಬೇಕು. ಇನ್ನೊಂದು ಮಾತು: ಒಮ್ಮೆ ಪುಡಿಯಾದ ಥರ್ಮಾಕೋಲು ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರು ಮಾತ್ರ ಕಂಡರೂ ಒಮ್ಮೆ ಬಲವಾಗಿ ಬಿದ್ದ ಹೆಲ್ಮೆಟ್ಟಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ವಾಚಕರು ಗಮನಿಸಿರಬಹುದು. ನಾವು ಈಗ ಮಾಡಿದ್ದೇ ಆ ದಪ್ಪ ಪುಸ್ತಕದ ಅರ್ಧ ವಿದ್ಯೆ. ಕಾಲವನ್ನು ಚೂರು ಮಾಡಿ, ಒಂದೊಂದು ಚೂರಿಗೆ ಲೆಕ್ಕ ಬರೆದೆವು. ಇನ್ನುಳಿದ ಅರ್ಧವೆಂದರೆ ವಸ್ತುವನ್ನೂ ಚೂರು ಮಾಡುವುದು.

೩. ವಸ್ತುವನ್ನು ತುಂಡು ಮಾಡುವುದು

ನಮ್ಮ ಗಿರಣಿಯ ಇಡೀ ವರ್ಷದ ವ್ಯವಹಾರವನ್ನು ಒಂದೇ ಸಾಲಿನಲ್ಲಿ ಬರೆಯಿರೆಂದರೆ ಯಾರಿಗೂ ಸಾಧ್ಯವಿಲ್ಲ. ಅದನ್ನು ಖಾತೆಗಳಾಗಿ ಒಡೆಯುತ್ತೇವೆ. ಒಂದೊಂದು ಖಾತೆಯ ಲೆಕ್ಕ ಸುಲಭ. ಒಂದರಲ್ಲಿ ಖರ್ಚಾದದ್ದು ಇನ್ನೊಂದರಲ್ಲಿ ಜಮೆಯಾಗುತ್ತದೆ. ಎಲ್ಲವನ್ನೂ ಕೂಡಿಸಿದಾಗ ಇಡೀ ಗಿರಣಿಯ ಚಿತ್ರ ದೊರೆಯುತ್ತದೆ.

ಫೈನೈಟ್ ಎಲಿಮೆಂಟ್ ಎಂದರೂ ಇಷ್ಟೇ. ಕಾರಿನ ಬಾಗಿಲಿನ ಆಕಾರ ವಕ್ರವಾದದ್ದು. ಅದು ಹೇಗೆ ಬಾಗುತ್ತದೆಂದು ಒಂದೇ ಸಮೀಕರಣದಲ್ಲಿ ಹೇಳಲಾಗದು. ಆದರೆ ಅದನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗಿಸಿದರೆ ಒಂದೊಂದು ಚೌಕದ ಬಾಗು, ಎಳೆತ, ಒತ್ತಡ ಸುಲಭವಾಗಿ ತಿಳಿಯುತ್ತದೆ. ಚೌಕಗಳು ಮೂಲೆಗಳಲ್ಲಿ ಸೇರುತ್ತವೆ. ಒಂದು ಚೌಕವು ಮೂಲೆಯನ್ನು ಎಷ್ಟು ಬಲದಿಂದ ತಳ್ಳುತ್ತದೋ ಆ ಮೂಲೆಯನ್ನು ಹಂಚಿಕೊಂಡ ನೆರೆಯ ಚೌಕಗಳಿಗೆ ಅದರ ಪರಿಣಾಮ ಮುಟ್ಟುತ್ತದೆ. ‘ಫೈನೈಟ್’ ಎಂದರೆ ಪರಿಮಿತವಾದದ್ದು; ಎಷ್ಟೇ ಸಣ್ಣದಾದರೂ ಎಣಿಕೆಗೆ ಸಿಗುವ ತುಂಡು ಎಂದು ತಾತ್ಪರ್ಯ.

ಈ ವಿದ್ಯೆಯ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ೧೯೪೩ರಲ್ಲಿ ಗಣಿತಜ್ಞ ಕೂರಾಂಟ್ ಅವರು ತ್ರಿಕೋನಗಳಾಗಿ ಒಡೆದು ಲೆಕ್ಕ ಮಾಡುವ ದಾರಿಯನ್ನು ತೋರಿಸಿದರು. ೧೯೫೬ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರಚನೆಗಳಿಗೆ ಇದನ್ನು ಅನ್ವಯಿಸಿದರು. ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನು ೧೯೬೦ರಲ್ಲಿ ಕ್ಲಫ್ ಇಟ್ಟರು. ಡಿಕ್ಕಿಯ ಲೆಕ್ಕಕ್ಕೆ ದಾರಿಯಾದದ್ದು ೧೯೭೬ರಲ್ಲಿ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಅವರು ಡೈನಾ-೩ಡಿ ಎಂಬ ಗಣಕಕ್ರಮವನ್ನು ಬರೆದರು. ಬಾಂಬಿನ ಕವಚ ನೆಲಕ್ಕೆ ಬಡಿದಾಗ ಏನಾಗುತ್ತದೆಂದು ತಿಳಿಯಲು ಹುಟ್ಟಿದ ಆ ಕ್ರಮವೇ ಮುಂದೆ ಬೆಳೆದು ಕಾರಿನೊಳಗಿನ ಜೀವಗಳನ್ನು ಉಳಿಸುವ ಕೆಲಸಕ್ಕೆ ಬಂತು. ವಿದ್ಯೆಗೆ ತನ್ನದೇ ಆದ ಗುಣದೋಷವಿಲ್ಲ, ಬಳಸುವವರ ಕೈಯಲ್ಲಿದೆ ಎಂಬುದಕ್ಕೆ ಇದೊಂದು ನಿದರ್ಶನ.

೪. ಹೆಜ್ಜೆ ಎಷ್ಟು ಸಣ್ಣದಿರಬೇಕು?

ಹೆಲ್ಮೆಟ್ಟಿನ ಲೆಕ್ಕದಲ್ಲಿ ಸಾವಿರದ ಒಂದಂಶ ಸೆಕೆಂಡಿನ ಹೆಜ್ಜೆ ಸಾಕಾಯಿತು. ತುಂಡುಗಳಿರುವಾಗ ಅದು ಸಾಲದು. ಕಬ್ಬಿಣದ ಪಟ್ಟಿಯ ಒಂದು ತುದಿಗೆ ಹೊಡೆದರೆ ಆ ಸುದ್ದಿ ಇನ್ನೊಂದು ತುದಿಗೆ ತಕ್ಷಣ ಮುಟ್ಟುವುದಿಲ್ಲ. ಉಕ್ಕಿನಲ್ಲಿ ಶಬ್ದ ಹರಿಯುವ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು ೫,೦೦೦ ಮೀಟರ್ ವೇಗದಲ್ಲಿ ಮುಟ್ಟುತ್ತದೆ. ಒಂದು ಹೆಜ್ಜೆಯ ಕಾಲದಲ್ಲಿ ಸುದ್ದಿ ಒಂದು ತುಂಡನ್ನು ದಾಟಿ ಹೋಗಬಾರದು. ದಾಟಿದರೆ ಲೆಕ್ಕ ಕೆಟ್ಟು ಸಂಖ್ಯೆಗಳು ಹುಚ್ಚೆದ್ದು ಹೋಗುತ್ತವೆ. ಈ ನಿಯಮವನ್ನು ೧೯೨೮ರಲ್ಲೇ ಕೂರಾಂಟ್, ಫ್ರೀಡ್ರಿಕ್ಸ್, ಲೇವಿ ಎಂಬ ಮೂವರು ಕಂಡುಹಿಡಿದಿದ್ದರು.

ತುಂಡಿನ ಉದ್ದ ೫ ಮಿಲಿಮೀಟರ್ ಆದರೆ ಹೆಜ್ಜೆ ಸೆಕೆಂಡಿನ ಹತ್ತು ಲಕ್ಷದ ಒಂದಂಶವನ್ನು ಮೀರುವಂತಿಲ್ಲ. ಕಾರಿನ ಡಿಕ್ಕಿ ಮುಗಿಯಲು ಸೆಕೆಂಡಿನ ಹತ್ತನೆಯ ಒಂದಂಶವಾದರೂ ಬೇಕು. ಅಂದಮೇಲೆ ಒಂದು ಲಕ್ಷ ಹೆಜ್ಜೆಗಳಾದವು. ಇಡೀ ಕಾರಿನಲ್ಲಿ ಹತ್ತು ಲಕ್ಷ ತುಂಡುಗಳಿದ್ದರೆ ಒಟ್ಟು ಹತ್ತು ಸಾವಿರ ಕೋಟಿ ನಮೂದುಗಳು. ಸೆಕೆಂಡಿಗೆ ಒಂದು ನಮೂದು ಬರೆಯುವ ಗುಮಾಸ್ತನು ಊಟ ನಿದ್ದೆ ಬಿಟ್ಟು ಬರೆದರೂ ಮೂರು ಸಾವಿರ ವರ್ಷಕ್ಕೂ ಹೆಚ್ಚು ಬೇಕು! ಗಣಕಯಂತ್ರ ಬರುವ ಮೊದಲು ಈ ವಿದ್ಯೆ ಏಕೆ ಬೆಳೆಯಲಿಲ್ಲವೆಂಬುದು ಇದರಿಂದ ಸ್ಪಷ್ಟ. ತುಂಡಿನ ಉದ್ದವನ್ನು ಅರ್ಧ ಮಾಡಿದರೆ ತಗಡಿನಲ್ಲಿ ತುಂಡುಗಳು ನಾಲ್ಕು ಪಟ್ಟಾಗುತ್ತವೆ, ಹೆಜ್ಜೆಗಳು ಎರಡು ಪಟ್ಟಾಗುತ್ತವೆ, ಕೆಲಸ ಎಂಟು ಪಟ್ಟಾಗುತ್ತದೆ.

೫. ಜೋಡಣೆಯ ತೊಡಕು

ಒಂದೇ ಲೋಹದ ತುಂಡಾದರೆ ಇಷ್ಟು ಸಾಕು. ನಿಜವಾದ ಯಂತ್ರವೆಂದರೆ ಜೋಡಣೆ. ತಗಡಿಗೆ ತಗಡು ಬೆಸೆದಿರುತ್ತದೆ, ಬೋಲ್ಟು ಬಿಗಿದಿರುತ್ತದೆ, ರಬ್ಬರು ನಡುವೆ ಕುಳಿತಿರುತ್ತದೆ. ಕಾರಿನ ಮೈಯಲ್ಲಿ ಬೆಸುಗೆಯ ಚುಕ್ಕೆಗಳೇ ಸಾವಿರಾರು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಸ್ಪರ್ಶ. ಒಂದು ಭಾಗ ಇನ್ನೊಂದಕ್ಕೆ ತಗಲುತ್ತದೆಂಬುದು ಗಣಕಕ್ಕೆ ತಾನಾಗಿ ತಿಳಿಯದು. ನಾವೇ ಹೇಳಬೇಕು. ಹೇಳದಿದ್ದರೆ ಇಂಜಿನ್ ಗೋಡೆಯೊಳಗೆ ಭೂತದಂತೆ ತೂರಿಹೋಗುತ್ತದೆ. ಹೇಳಿದರೆ ಗಣಕವು ಪ್ರತಿ ಹೆಜ್ಜೆಯಲ್ಲೂ ಯಾವ ಮೂಲೆ ಯಾವ ಮುಖವನ್ನು ದಾಟಿತೆಂದು ಹುಡುಕಿ, ದಾಟಿದಲ್ಲಿ ಒಂದು ಸಣ್ಣ ಸ್ಪ್ರಿಂಗನ್ನು ಇಟ್ಟಂತೆ ಹಿಂದಕ್ಕೆ ತಳ್ಳುತ್ತದೆ.

ಎರಡನೆಯದು ಕಟ್ಟು ಬಿಡುವ ಗಳಿಗೆ. ಯಾವ ಬೆಸುಗೆ ಯಾವಾಗ ಕಿತ್ತಿತು, ಯಾವ ಬೋಲ್ಟು ಯಾವಾಗ ತುಂಡಾಯಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕಾರಿನ ಮುಂಭಾಗದ ಉದ್ದನೆಯ ಪೆಟ್ಟಿಗೆದೂಲಗಳು ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾಗಿ ಕುಗ್ಗಬೇಕು. ಅಲ್ಲೇ ಬಲವೆಲ್ಲ ಕರಗಬೇಕು. ಬೆಸುಗೆ ಬಿಟ್ಟು ದೂಲ ಒಂದು ಪಕ್ಕಕ್ಕೆ ಬಾಗಿಬಿಟ್ಟರೆ ಆ ಲಾಭ ಸಿಗದೆ ಪೆಟ್ಟು ಕೂತವರ ಕಾಲಿನವರೆಗೆ ಬರುತ್ತದೆ.

ಮೂರನೆಯದು ವಸ್ತುವಿನ ಸ್ವಭಾವ. ಮೃದು ಉಕ್ಕನ್ನು ನಿಧಾನವಾಗಿ ಎಳೆದಾಗ ಎಷ್ಟಕ್ಕೆ ಮಣಿಯುತ್ತದೋ ರಭಸದಿಂದ ಎಳೆದಾಗ ಅಷ್ಟಕ್ಕೆ ಮಣಿಯದು. ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಇದಕ್ಕೆ ಕೌಪರ್ ಮತ್ತು ಸೈಮಂಡ್ಸ್ ೧೯೫೭ರಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ನಿಧಾನದ ಪರೀಕ್ಷೆಯ ಅಂಕಿಗಳನ್ನು ಹಾಗೆಯೇ ಡಿಕ್ಕಿಯ ಲೆಕ್ಕಕ್ಕೆ ಹಾಕಿದರೆ ಉತ್ತರ ತಪ್ಪುತ್ತದೆ.

೬. ತಾಳೆ ನೋಡುವುದು

ಗಣಕವು ಬಣ್ಣಬಣ್ಣದ ಚಿತ್ರ ಕೊಟ್ಟ ಮಾತ್ರಕ್ಕೆ ನಂಬಬಾರದು. ಗುಮಾಸ್ತರಾದ ನಮಗೆ ಇಲ್ಲಿ ಬಹಳ ಸಂತೋಷವಾಯಿತು, ಏಕೆಂದರೆ ಇಂಜಿನಿಯರುಗಳೂ ನಮ್ಮಂತೆಯೇ ತಾಳೆಪಟ್ಟಿ ನೋಡುತ್ತಾರೆ! ಡಿಕ್ಕಿಗೆ ಮೊದಲು ಚಲನೆಯಲ್ಲಿದ್ದ ಶಕ್ತಿಯೇ ಆರಂಭದ ಶಿಲ್ಕು. ನಮ್ಮ ಹೆಲ್ಮೆಟ್ಟಿನ ಉದಾಹರಣೆಯಲ್ಲಿ ಅದು ೬೨.೫ ಜೂಲ್. ಕೊನೆಯಲ್ಲಿ ಥರ್ಮಾಕೋಲು ಕುಗ್ಗಿದ್ದಕ್ಕೆ ಎಷ್ಟು, ಚಿಪ್ಪು ಬಾಗಿದ್ದಕ್ಕೆ ಎಷ್ಟು, ಉಜ್ಜಾಟಕ್ಕೆ ಎಷ್ಟು, ಉಳಿದ ಚಲನೆ ಎಷ್ಟು ಎಂದು ಕೂಡಿಸಿದರೆ ಅಷ್ಟೇ ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ.

ಅಲ್ಲದೆ ಒಂದು ಸಸ್ಪೆನ್ಸ್ ಖಾತೆಯೂ ಇದೆ. ಕೆಲಸ ಉಳಿಸಲು ತುಂಡಿನ ನಡುವಿನ ಒಂದೇ ಬಿಂದುವಿನಲ್ಲಿ ಲೆಕ್ಕ ಮಾಡಿದಾಗ ತುಂಡುಗಳು ಕೆಲವೊಮ್ಮೆ ಮರಳುಗಡಿಯಾರದ ಆಕಾರಕ್ಕೆ ಸುಳ್ಳಾಗಿ ತಿರುಚಿಕೊಳ್ಳುತ್ತವೆ. ಅದನ್ನು ತಡೆಯಲು ಗಣಕ ಖರ್ಚು ಮಾಡಿದ ಶಕ್ತಿಯನ್ನು ಬೇರೆಯಾಗಿ ತೋರಿಸುತ್ತಾರೆ. ಅದು ವಸ್ತುವಿನೊಳಗೆ ಸೇರಿದ ಶಕ್ತಿಯ ನೂರಕ್ಕೆ ಐದು ಹತ್ತನ್ನು ಮೀರಿದರೆ ಆ ಲೆಕ್ಕ ಒಪ್ಪತಕ್ಕದ್ದಲ್ಲ. ನಮ್ಮ ಕಚೇರಿಯಲ್ಲೂ ಸಸ್ಪೆನ್ಸ್ ಖಾತೆ ಉಬ್ಬಿದರೆ ಆಡಿಟರು ಸುಮ್ಮನೆ ಬಿಡುತ್ತಾರೆಯೇ?

ಎಲ್ಲಕ್ಕಿಂತ ಮೇಲಾದ ತಾಳೆಯೆಂದರೆ ನಿಜವಾದ ಪರೀಕ್ಷೆ. ಒಂದು ವಸ್ತುವನ್ನು ಒಡೆದು ನೋಡಿ, ಲೆಕ್ಕ ಅದಕ್ಕೆ ಹೊಂದಿದ ಮೇಲೆ ಮುಂದಿನ ನೂರು ಬದಲಾವಣೆಗಳನ್ನು ಗಣಕದಲ್ಲೇ ನೋಡಬಹುದು. ಲೆಕ್ಕವು ಪರೀಕ್ಷೆಯ ಬದಲಿಗಲ್ಲ, ಅದರ ಜೊತೆಗೆ.

೭. ನಮ್ಮ ದೆಹಲಿಯ ಸುತ್ತಮುತ್ತ

ಈ ಕೆಲಸ ನಮ್ಮ ನೆರೆಯಲ್ಲೇ ನಡೆದಿದೆ ಎಂಬುದು ಬಹುಮಂದಿಗೆ ತಿಳಿಯದು. ಹೌಜ್ ಖಾಸ್ ಪ್ರದೇಶದ ದೆಹಲಿ ಐಐಟಿಯಲ್ಲಿ ಪ್ರೊ. ದಿನೇಶ್ ಮೋಹನ್ (ನಿಧನ ೨೦೨೧), ಪ್ರೊ. ಸುದೀಪ್ತೊ ಮುಖರ್ಜಿ, ಪ್ರೊ. ಅನೂಪ್ ಚಾವ್ಲಾ ಮೊದಲಾದವರು ವರ್ಷಗಟ್ಟಲೆ ಇದರಲ್ಲಿ ದುಡಿದಿದ್ದಾರೆ. ಪರದೇಶದ ಪುಸ್ತಕಗಳಲ್ಲಿ ಕಾರಿನ ಲೆಕ್ಕವೇ ಹೆಚ್ಚು. ಇವರು ನಮ್ಮ ಬೀದಿಯ ಆಟೋರಿಕ್ಷಾವನ್ನು ಗಣಕದಲ್ಲಿ ಡಿಕ್ಕಿ ಹೊಡೆಸಿ, ಒಳಗೆ ಕೂತವರಿಗೂ ಎದುರಿಗೆ ಸಿಕ್ಕ ಪಾದಚಾರಿಗೂ ಏನಾಗುತ್ತದೆಂದು ನೋಡಿದರು. ಮನುಷ್ಯನ ಸ್ನಾಯು ರಭಸದ ಪೆಟ್ಟಿಗೆ ಹೇಗೆ ಮಣಿಯುತ್ತದೆಂಬುದನ್ನೂ ಪ್ರಯೋಗ ಮತ್ತು ಫೈನೈಟ್ ಎಲಿಮೆಂಟ್ ಎರಡನ್ನೂ ಸೇರಿಸಿ ಅಳೆದರು. ದೇಹವೂ ಒಂದು ಜೋಡಣೆಯೇ ಅಲ್ಲವೆ!

ಗುರುಗ್ರಾಮ ಜಿಲ್ಲೆಯ ಮಾನೇಸರಿನಲ್ಲಿ ಐಕ್ಯಾಟ್ ಎಂಬ ವಾಹನ ಪರೀಕ್ಷಾ ಕೇಂದ್ರವಿದೆ. ಅಲ್ಲಿ ನಿಜವಾದ ಕಾರುಗಳನ್ನು ತಡೆಗೆ ಹೊಡೆಸಿ ನೋಡುತ್ತಾರೆ. ೨೦೧೪ರ ಜನವರಿಯಲ್ಲಿ ನಮ್ಮ ದೇಶದಲ್ಲಿ ಮಾರುತ್ತಿದ್ದ ಐದು ಸಣ್ಣ ಕಾರುಗಳಿಗೆ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಸೊನ್ನೆ ನಕ್ಷತ್ರ ಬಂದದ್ದು ದೊಡ್ಡ ಸುದ್ದಿಯಾಯಿತು. ೨೦೧೭ರಿಂದ ಹೊಸ ಮಾದರಿಗಳಿಗೆ ಡಿಕ್ಕಿಯ ಪರೀಕ್ಷೆ ಕಡ್ಡಾಯವಾಯಿತು. ೨೦೨೩ರ ಅಕ್ಟೋಬರ್ ೧ರಿಂದ ‘ಭಾರತ್ ಎನ್‌ಕ್ಯಾಪ್’ ಎಂಬ ನಕ್ಷತ್ರದ ಅಂಕಗಳ ಪದ್ಧತಿ ಜಾರಿಗೆ ಬಂತು. ಇದರಲ್ಲಿ ಕಾರಿನ ಅಗಲದ ನೂರಕ್ಕೆ ನಲವತ್ತು ಭಾಗವನ್ನು ಜೇನುಗೂಡಿನಂಥ ಅಲ್ಯುಮಿನಿಯಂ ತಡೆಗೆ ಗಂಟೆಗೆ ೬೪ ಕಿಲೋಮೀಟರ್ ವೇಗದಲ್ಲಿ ಹೊಡೆಸುತ್ತಾರೆ. ಮೇಲೆ ನಾವು ೬೪ ಎಂಬ ಸಂಖ್ಯೆಯನ್ನೇ ತೆಗೆದುಕೊಂಡದ್ದು ಇದಕ್ಕಾಗಿ.

ಕನ್ನಡಿಗರಿಗೆ ಇನ್ನೊಂದು ಸ್ವಾರಸ್ಯ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ೧೯೫೯ರಲ್ಲಿ ಹುಟ್ಟಿದ್ದು ಈ ದೆಹಲಿಯಲ್ಲಿ. ಮರುವರ್ಷ ಬೆಂಗಳೂರಿಗೆ ಹೋಯಿತು. ಮುಂದೆ ಫೈನೈಟ್ ಎಲಿಮೆಂಟ್ ವಿದ್ಯೆಯಲ್ಲಿ ಹೆಸರಾದ ಕೆಲಸ ಅಲ್ಲಿ ನಡೆಯಿತು.

ಕಲಿಯಬೇಕೆಂಬ ವಿದ್ಯಾರ್ಥಿಗಳಿಗೆ ಹಣದ ಅಡ್ಡಿಯೂ ಈಗ ಕಡಮೆ. ೨೦೨೨ರಲ್ಲಿ ‘ಓಪನ್ ರೇಡಿಯಾಸ್’ ಎಂಬ ಡಿಕ್ಕಿಯ ಲೆಕ್ಕದ ಗಣಕಕ್ರಮವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ.

೮. ಲೆಕ್ಕವು ನಂಬಿದ ಒಂದು ಮಾತು

ಈಗ ನಮ್ಮ ಹೊಲಿಗೆಗಳ ಕಥೆ. ಮಂಜು ಕವಿದ ಒಂದು ಬೆಳಿಗ್ಗೆ ಗಿರಣಿಗೆ ಹೋಗುವಾಗ ನಮ್ಮ ಮೋಟಾರ್ ಸೈಕಲ್ಲು ಜಾರಿತು. ವೇಗ ಹೆಚ್ಚಿರಲಿಲ್ಲ. ತಲೆಯ ಮೇಲೆ ಹೆಲ್ಮೆಟ್ಟು ಇತ್ತು. ಐಎಸ್‌ಐ ಗುರುತಿನದೇ, ಒಳ್ಳೆಯ ಹೆಲ್ಮೆಟ್ಟು. ಆದರೆ ಗಲ್ಲದ ಪಟ್ಟಿಯ ಬಕಲು ಹಾಕಿರಲಿಲ್ಲ. ಎರಡು ಮೈಲಿ ದೂರಕ್ಕೆ ಏಕೆ ಎಂಬ ಉದಾಸೀನ. ನಾವು ನೆಲ ಮುಟ್ಟುವ ಮೊದಲೇ ಹೆಲ್ಮೆಟ್ಟು ಉರುಳಿ ಹೋಗಿ ರಸ್ತೆಯ ಆಚೆ ಬಿದ್ದಿತ್ತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ! ತಲೆ ನೇರವಾಗಿ ಬಡಿಯದೆ ಓರೆಯಾಗಿ ಉಜ್ಜಿದ್ದರಿಂದ ಏಳು ಹೊಲಿಗೆಯಲ್ಲಿ ಮುಗಿಯಿತು.

ಎರಡನೆಯ ಭಾಗದ ಲೆಕ್ಕವನ್ನು ವಾಚಕರು ಮತ್ತೊಮ್ಮೆ ನೋಡಲಿ. ಅದರಲ್ಲಿ ತಲೆಯೂ ಥರ್ಮಾಕೋಲೂ ಒಂದಕ್ಕೊಂದು ತಗಲಿಕೊಂಡೇ ಇವೆ ಎಂದು ನಾವು ಕೇಳದೆಯೇ ನಂಬಿದ್ದೆವು. ಆ ನಂಬಿಕೆಯನ್ನು ನಿಜ ಮಾಡುವುದು ಒಂದು ಸಣ್ಣ ಪಟ್ಟಿ. ಅದು ಬಿಚ್ಚಿದ್ದರೆ ಜೋಡಣೆಯೇ ಇಲ್ಲ, ಲೆಕ್ಕವೂ ಇಲ್ಲ.

ಹೇಳಲು ನಾಚಿಕೆಯಾದರೂ ಇದನ್ನೂ ಬರೆಯಬೇಕು. ನಮ್ಮ ಏಳು ವರ್ಷದ ಮಗಳನ್ನು ದಿನವೂ ಅದೇ ವಾಹನದಲ್ಲಿ ಶಾಲೆಗೆ ಬಿಡುತ್ತಿದ್ದೆವು. ಅವಳಿಗೆ ಹೆಲ್ಮೆಟ್ಟೇ ಇರಲಿಲ್ಲ. ಆ ದಿನ ಜ್ವರವೆಂದು ಮನೆಯಲ್ಲಿ ಉಳಿದಿದ್ದಳು. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ಟು ಬೇಕೆಂದು ಕಾನೂನಿದೆ. ಕಾನೂನು ನಮಗೆ ತಿಳಿದಿತ್ತು, ಲೆಕ್ಕ ತಿಳಿದಿರಲಿಲ್ಲ. ಸರಕಾರದ ವರದಿಯಂತೆ ೨೦೨೨ರಲ್ಲಿ ದೇಶದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಸತ್ತರು. ಅವರಲ್ಲಿ ೫೦,೦೨೯ ಮಂದಿ ಹೆಲ್ಮೆಟ್ಟು ಧರಿಸದೆ ಇದ್ದ ಸವಾರರು ಮತ್ತು ಹಿಂದೆ ಕುಳಿತವರು. ಈಗ ಮನೆಯ ಗೂಟಕ್ಕೆ ಎರಡು ಹೆಲ್ಮೆಟ್ಟುಗಳು ತೂಗುತ್ತವೆ. ಬಕಲಿನ ‘ಟಕ್’ ಶಬ್ದ ಎರಡು ಸಲ ಕೇಳುವವರೆಗೆ ಮಗಳೇ ವಾಹನ ಹೊರಡಗೊಡುವುದಿಲ್ಲ.

ಅಭ್ಯಾಸ

(೧) ಗಂಟೆಗೆ ೬೪ ಕಿಲೋಮೀಟರ್ ವೇಗವು ೧೬ ಮೀಟರ್ ಎತ್ತರಕ್ಕೆ ಸಮವಾದರೆ, ೩೨ ಕಿಲೋಮೀಟರ್ ವೇಗ ಎಷ್ಟು ಎತ್ತರಕ್ಕೆ ಸಮ? (ಅರ್ಧವಲ್ಲ, ಯೋಚಿಸಿ.)

(೨) ಥರ್ಮಾಕೋಲು ೩,೦೦೦ದ ಬದಲು ೪,೦೦೦ ನ್ಯೂಟನ್ ಬಲದಿಂದ ತಡೆದರೆ ತಲೆ ಎಷ್ಟು ಮಿಲಿಮೀಟರಿನಲ್ಲಿ ನಿಲ್ಲುತ್ತದೆ? ಹೊಡೆತ ಎಷ್ಟು ಪಟ್ಟಾಗುತ್ತದೆ? ‘ಗಟ್ಟಿಯಾದಷ್ಟೂ ಒಳ್ಳೆಯದು’ ಎಂಬ ಮಾತು ಸರಿಯೆ?

(೩) ಉಕ್ಕಿನ ತುಂಡಿನ ಉದ್ದ ೨ ಮಿಲಿಮೀಟರ್ ಆದರೆ, ಸೆಕೆಂಡಿನ ಹತ್ತನೆಯ ಒಂದಂಶಕ್ಕೆ ಎಷ್ಟು ಹೆಜ್ಜೆಗಳು ಬೇಕು?

(೪) ಆರಂಭದ ಶಿಲ್ಕು ೬೨.೫ ಜೂಲ್. ಕೊನೆಯಲ್ಲಿ ಥರ್ಮಾಕೋಲಿಗೆ ೪೫, ಚಿಪ್ಪಿಗೆ ೬, ಉಜ್ಜಾಟಕ್ಕೆ ೧.೫, ಉಳಿದ ಚಲನೆಗೆ ೪ ಎಂದು ಗಣಕ ತೋರಿಸಿತು. ಈ ಲೆಕ್ಕಕ್ಕೆ ನೀವು ಸಹಿ ಹಾಕುವಿರಾ?

ಉತ್ತರಗಳನ್ನು ವಾಚನಾಲಯದ ಮೇಜಿನ ಮೇಲಿರುವ ನೋಟುಪುಸ್ತಕದಲ್ಲಿ ಬರೆಯಬೇಕಾಗಿ ವಿನಂತಿ. ಮುಂದಿನ ಭಾನುವಾರ ಸಂಜೆ ಎಲ್ಲರೂ ಕೂಡಿ ತಾಳೆ ನೋಡೋಣ. ನಮ್ಮ ಲೆಕ್ಕದಲ್ಲೇ ತಪ್ಪು ಕಂಡರೆ ಸಂಕೋಚವಿಲ್ಲದೆ ಕೆಂಪು ಶಾಯಿಯಲ್ಲಿ ತಿದ್ದಬಹುದು. ಬರುವವರು ಬಕಲು ಹಾಕಿಕೊಂಡು ಬರಬೇಕು.